ಬೆಣ್ಣೆ ಹಚ್ಚಿದ ಬಿಳಿ ಮಚ್ಚೆ

ಸ್ವಲ್ಪ ತಾಳಿ, ಜೀವಕೋಶದ ವಿಷಯಕ್ಕೆ ಬರುತ್ತೇನೆ. ಮೊದಲು ಒಂದು ವಾಸನೆಯ ಬಗ್ಗೆ ಹೇಳಬೇಕು. ಮೊನ್ನೆ ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ಎಲೆಗೆ ಸುಣ್ಣ ಸವರಿ ಹೊಗೆಸೊಪ್ಪು ಮುರಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ದೊಡ್ಡವ್ವ ನೆನಪಾದರು...

ತೊಂಬತ್ತರ ದಶಕದ ಮಾತು, ನಾನಾಗ ಹೈಸ್ಕೂಲಿನಲ್ಲಿದ್ದೆ. ದೊಡ್ಡವ್ವ ನಮಗೆ ಸಂಬಂಧಿಯೇನಲ್ಲ, ಹೊಣಕೆರೆ ಕಡೆಯಿಂದ ಪಾಂಡವಪುರಕ್ಕೆ ಸೊಸೆಯಾಗಿ ಬಂದವರು. ನಾಟಿ ದಿನಗಳಲ್ಲಿ ಬೆಳಿಗ್ಗೆ ಸುಣ್ಣ ತಿಕ್ಕಿ ಬಲಗೆನ್ನೆಗೆ ಒತ್ತಿಕೊಂಡ ಹೊಗೆಸೊಪ್ಪು ಬುತ್ತಿ ಬಿಚ್ಚುವವರೆಗೂ ಅಲ್ಲೇ ಇರುತ್ತಿತ್ತು. ಕೆಸರಲ್ಲಿ ಬಗ್ಗಿದವರಿಗೆ ಹಸಿವು ಗೊತ್ತಾಗಬಾರದಲ್ಲ, ಅದಕ್ಕೆ.

ಒಂದು ದಿನ ಆ ಕೆನ್ನೆಯೊಳಗೆ ಬಿಳಿ ಮಚ್ಚೆ ಕಾಣಿಸಿತು. ನೋವಿಲ್ಲ, ರಕ್ತವಿಲ್ಲ. ಸುಣ್ಣ ಹೆಚ್ಚಾಗಿ ಬಾಯಿ ಸುಡುವುದು, ಅದಕ್ಕೆ ಬೆಣ್ಣೆ ಹಚ್ಚುವುದು ನಮ್ಮಲ್ಲಿ ಮಾಮೂಲು.

"ಸುಣ್ಣ ಸುಟ್ಟದೆ ಕಣ್ಲಾ, ಬೆಣ್ಣೆ ಹಚ್ಚುದ್ರೆ ವಾಸಿಯಾಯ್ತದೆ ಬುಡು," ಎಂದರು ದೊಡ್ಡವ್ವ. "ಈ ಕೆನ್ನೆಗೆ ರಜ ಕೊಟ್ಟಿವ್ನಿ. ಇನ್ಮ್ಯಾಲೆ ಆ ಕೆನ್ನೆ ಡೂಟಿ ಮಾಡ್ತದೆ."

ಜಗಲಿಯಲ್ಲಿದ್ದ ಅವರ ಗಂಡ ಬಿಡಲಿಲ್ಲ. "ಊರ್ಗೆಲ್ಲಾ ಬಯ್ಯೋ ಬಾಯಿ, ಈಗ ಬೆಣ್ಣೆ ಕೇಳ್ತದೆ ನೋಡ್ಲಾ!"

ಎಲ್ಲರೂ ನಕ್ಕೆವು.

ನಾನು ಕಾಲೇಜಲ್ಲಿ ಓದಿದ್ದು ಕಾಮರ್ಸು. ಜೀವಕೋಶದ ಹುಚ್ಚು ಹತ್ತಿದ್ದು ಆಮೇಲೆ, ಸಿಕ್ಕಿದ್ದನ್ನೆಲ್ಲ ಓದುತ್ತಾ. ನಮ್ಮ ಮೈಯ ಹೆಚ್ಚುಕಮ್ಮಿ ಎಲ್ಲ ಕೋಶಗಳಲ್ಲೂ ಇರುವುದು ಡಿಎನ್‌ಎ ಎಂಬ ಒಂದೇ ಪಾಠ. ಆದರೆ ಕೆನ್ನೆಯ ಕೋಶ ತನಗೆ ಬೇಕಾದ ಪುಟಗಳನ್ನಷ್ಟೇ ತೆರೆದು, ಉಳಿದದ್ದನ್ನು ಮುಚ್ಚಿಟ್ಟಿರುತ್ತದೆ. ಒಡೆದು ಎರಡಾಗುವಾಗ ಯಾವ ಪುಟ ತೆರೆದಿದೆ ಎಂಬ ಗುರುತನ್ನೂ ಮರಿಕೋಶಕ್ಕೆ ಕೊಡುತ್ತದೆ: ನೀನು ಕೆನ್ನೆ, ಕೆನ್ನೆಯಾಗಿಯೇ ಇರು, ಸಾಕು ಎಂದಾಗ ನಿಲ್ಲು. ಸುಣ್ಣ, ಹೊಗೆಸೊಪ್ಪು ದಿನಾ ಸುಟ್ಟರೆ? ಆ ಮೆತ್ತನೆಯ ಕೋಶ ಅಂಗೈಯಂತೆ ದಡ್ಡುಗಟ್ಟುತ್ತದೆ. ಆ ಬಿಳುಪು ಅದೇ. ಇಂಥ ಮಚ್ಚೆಗಳೆಲ್ಲ ಕ್ಯಾನ್ಸರ್ ಆಗುವುದಿಲ್ಲ. ಆದರೆ ಕೆಲವುಗಳಲ್ಲಿ ಪಾಠವೇ ಕೆಡುತ್ತದೆ, ಗುರುತು ಅಳಿಸುತ್ತಾ ಹೋಗುತ್ತದೆ. ಆಗ ಕೋಶಕ್ಕೆ ತಾನು ಕೆನ್ನೆ ಎಂಬುದೂ ನೆನಪಿರುವುದಿಲ್ಲ, ನಿಲ್ಲಬೇಕೆಂಬುದೂ ನೆನಪಿರುವುದಿಲ್ಲ. ಬೆಳೆಯುವುದೊಂದೇ ಗೊತ್ತು...

ದೊಡ್ಡವ್ವನ ಮಚ್ಚೆ ಹುಣ್ಣಾಯಿತು. ಬಾಯಿ ತೆರೆಯುವುದೇ ಕಷ್ಟವಾಯಿತು. ತಮಾಷೆ ಮಾಡುತ್ತಿದ್ದ ಗಂಡ ಈಗ ಎದುರಿಗೆ ಕೂತು ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ ಕೊಡುತ್ತಿದ್ದರು. ಕಡಲೆಕಾಳಿನಷ್ಟು ತುತ್ತೂ ಇಳಿಯದಾದಾಗ ಮೈಸೂರಿಗೆ ಕರೆದುಕೊಂಡು ಹೋದರು. ಜೊತೆಗೆ ನಾನೂ ನಮ್ಮಪ್ಪನೂ ಹೋಗಿದ್ದೆವು.

ಡಾಕ್ಟರು ಟಾರ್ಚು ಬಿಟ್ಟು ನೋಡಿದರು. ಕತ್ತಿನ ಗಂಟು ಮುಟ್ಟಿದರು. "ಇಷ್ಟು ದಿನ ಏನು ಮಾಡ್ತಿದ್ರಿ?"

"ಬೆಣ್ಣೆ ಹಚ್ತಿದ್ದೋ, ಸಾ," ಎಂದರು ಗಂಡ.

ಡಾಕ್ಟರು ಬಯ್ಯಲಿಲ್ಲ. ಬಯ್ದಿದ್ದರೆ ಇನ್ನೂ ಏನೋ ದಾರಿಯಿದೆ ಎಂದಾದರೂ ಅನ್ನಿಸುತ್ತಿತ್ತು. ಕ್ಯಾನ್ಸರ್ ಕತ್ತಿಗೂ ಇಳಿದಿದೆ, ಆಪರೇಷನ್ ಆಗುವ ಹಂತ ದಾಟಿದೆ, ನೋವಿಗೆ ಮಾತ್ರೆ ಬರೆಯುತ್ತೇನೆ ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದ್ದು ಒಂದೇ ಮಾತು: "ಈ ಸಲದ ನಾಟಿಗೆ ಸರೋಯ್ತೀನಾ?"

ಆ ಸಲದ ನಾಟಿಗೆ ಅವರು ಇರಲಿಲ್ಲ.

ಕೋಶ ತಾನು ಯಾರೆಂದು ಮರೆಯುವುದು ಹೇಗೆ ಎಂದು ಇವತ್ತು ಯಾರಾದರೂ ಕೇಳಿದರೆ ಗಂಟೆಗಟ್ಟಲೆ ಹೇಳಬಲ್ಲೆ. ಮರೆತದ್ದಕ್ಕೆ ಮತ್ತೆ ನೆನಪಿಸುವುದು ಹೇಗೆ ಎಂದರೆ ಮಾತ್ರ... ಅದನ್ನು ಹುಡುಕುತ್ತಿರುವವರು ಇದ್ದಾರೆ ಎನ್ನಬಹುದು, ಅಷ್ಟೇ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಯಾರ ಬಾಯಲ್ಲಾದರೂ ಇಂಥ ಮಚ್ಚೆ ಕಂಡಿತ್ತಾ? ಅದನ್ನು ಏನೆಂದುಕೊಂಡಿರಿ, ಏನು ಹಚ್ಚಿದಿರಿ? ದಯವಿಟ್ಟು ಬರೆಯಿರಿ. ತಡವಾಗಿ ತಿಳಿದವರು ನಾವಷ್ಟೇ ಅಲ್ಲ ಎಂದಾದರೂ ಗೊತ್ತಾಗಲಿ.