ತಲೆಕೆಳಗಾಗದೆ ಉಳಿದ ಪಟ್ಟಿ

ತೊಂಬತ್ತರ ದಶಕದ ಮೊದಲ ವರ್ಷಗಳು. ಕಾಶಿಯ ಭೇಲೂಪುರದ ಎರಡು ಕೋಣೆಯ ಕಂಪ್ಯೂಟರ್ ಆಫೀಸಿನಲ್ಲಿ ನನಗೆ ಮೊದಲ ಕೆಲಸ. ಪಟ್ಟಿಗಳನ್ನು ಜೋಡಿಸುವ ಫಂಕ್ಷನ್‌ಗಳ, ಅಂದರೆ ಯಾರು ಬೇಕಾದರೂ ಕರೆದು ಬಳಸಬಹುದಾದ ಸಿದ್ಧ ಕೋಡ್ ತುಣುಕುಗಳ, ಲೈಬ್ರರಿಯೊಂದನ್ನು ನಮ್ಮ ಹಿರಿಯ ಪ್ರೋಗ್ರಾಮರ್ ಬರೆದಿಟ್ಟಿದ್ದರು. ಬನಾರಸಿನವರು, ಮಾತು ಕಡಿಮೆ. ಅವರ ಕೋಡನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ನಮ್ಮ ಮನೆ ಶಿವಾಲದಲ್ಲಿ. ಹತ್ತಿರದ ಕನ್ನಡ ಮಠದಲ್ಲಿ ಕಾಶೀವಾಸಕ್ಕೆ ಬಂದ ವೃದ್ಧರಿದ್ದರು. ಮೆಟ್ಟಿಲು ಹತ್ತಲಾಗದೆ ಕೆಳಗಿನ ಕೋಣೆ ಕೇಳಿದವರ ಹೆಸರುಗಳನ್ನು, ಮೊದಲು ಕೇಳಿದವರು ಮೇಲೆ ಬರುವಂತೆ ಅಚ್ಚು ಹಾಕಿಕೊಡಲು ಸ್ವಾಮಿಗಳು ಹೇಳಿದರು. ಲೈಬ್ರರಿಯ ಒಂದು ಫಂಕ್ಷನ್ ಹೊಸ ತಾರೀಖನ್ನು ಮೇಲಿಟ್ಟು ಜೋಡಿಸುತ್ತಿತ್ತು. ಇನ್ನೊಂದು ಪಟ್ಟಿಯನ್ನು ತಲೆಕೆಳಗು ಮಾಡುತ್ತಿತ್ತು. ಎರಡನ್ನೂ ಬಳಸಿ, ಅಚ್ಚು ತೆಗೆದು ಕೊಟ್ಟು ಬಂದೆ. ಒಮ್ಮೆ ಓದಿ ನೋಡುವಷ್ಟೂ ವ್ಯವಧಾನವಿರಲಿಲ್ಲ.

ಎರಡು ದಿನದ ಮೇಲೆ ಮಠಕ್ಕೆ ಹೋದಾಗ ಹಾವೇರಿ ಕಡೆಯ ಅಜ್ಜಿಯೊಬ್ಬರು ಮೊಣಕಾಲು ನೀವಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತಿದ್ದರು. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅವರ ಹೆಸರು ಕಟ್ಟಕಡೆಗಿದೆಯೆಂದು ಯಾರೋ ಓದಿ ಹೇಳಿದ್ದರು.

“ಎಲ್ಲಾರಿಗಿಂತ ಮೊದಲ ಕೇಳಿದಾಕಿ ನಾನ, ತಂಗಿ. ಮಷಿನ್ನ ಹಿಂಗ ಹೇಳಿದ ಮ್ಯಾಲ ಯಾರನ್ನ ಕೇಳ್ಲಿ?”

ಬೈದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ತಪ್ಪು ನನ್ನದೆಂದು ಸ್ವಾಮಿಗಳಿಗೆ ತಿಳಿಸಿ, ಸದ್ಯಕ್ಕೆ ಯಾರಿಗೂ ಕೋಣೆ ಕೊಡಬೇಡಿ ಎಂದು ಕೇಳಿಕೊಂಡು ರಿಕ್ಷಾ ಹತ್ತಿದೆ.

ಆಫೀಸಿನಲ್ಲಿ ಕೋಡನ್ನು ಸಾಲುಸಾಲಾಗಿ ಓದಿದೆ. ಜೋಡಿಸುವ ಫಂಕ್ಷನ್ ನಾವು ಕೊಟ್ಟ ಪಟ್ಟಿಯನ್ನೇ ಬದಲಿಸುತ್ತಿತ್ತು. ತಲೆಕೆಳಗು ಮಾಡುವುದು ಮಾತ್ರ ಅದನ್ನು ಮುಟ್ಟದೆ, ಹೊಸ ಪಟ್ಟಿಯೊಂದನ್ನು ವಾಪಸು ಕೊಡುತ್ತಿತ್ತು. ಆ ಹೊಸದನ್ನು ನಾನು ತೆಗೆದುಕೊಂಡೇ ಇರಲಿಲ್ಲ. ಕೊನೆಗೆ ಕೇಳಿದವರು ಮೇಲಿದ್ದ ಹಳೆಯದನ್ನೇ ಅಚ್ಚು ಹಾಕಿದ್ದೆ.

ಒಂದು ಸಾಲು ತಿದ್ದಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೂ ಹಿರಿಯರ ಬಳಿ ಹೋದೆ. ಒಳಗಿನದನ್ನು ಓದಿಕೊಂಡು ಬಳಸಬೇಕಿತ್ತು ಎಂದರು. ನಾನು ಅಜ್ಜಿಯ ಕಥೆ ಹೇಳಿದೆ.

“ಸರ್, ಜೊತೆಗಿರುವ ಎರಡು ಫಂಕ್ಷನ್ ಎರಡು ಥರ ನಡೆದುಕೊಂಡರೆ ನಾಳೆ ಇನ್ನೊಬ್ಬರೂ ಎಡವುತ್ತಾರೆ.”

ಮರುದಿನ ನಾನು ಬರುವ ಮೊದಲೇ ಅವರು ಕೆಲಸಕ್ಕೆ ಕೂತಿದ್ದರು. ಕ್ರಮ ಬದಲಿಸುವ ಫಂಕ್ಷನ್‌ಗಳೆಲ್ಲ ಇನ್ನು ಮೇಲೆ ಕೊಟ್ಟ ಪಟ್ಟಿಯನ್ನೇ ಬದಲಿಸುತ್ತವೆ, ಏನನ್ನೂ ವಾಪಸು ಕೊಡುವುದಿಲ್ಲ ಎಂದರು; ಹೊಸ ಪ್ರತಿ ಬೇಕಾದವರಿಗೆ ಬೇರೆ ಹೆಸರಿನ ಫಂಕ್ಷನ್‌ಗಳನ್ನು ಬರೆದಿದ್ದರು. ಹಳೆಯ ಪ್ರೋಗ್ರಾಮ್‌ಗಳನ್ನು ಇಬ್ಬರೂ ಕೂತು ಹುಡುಕಿದೆವು. ಅವರು ಬರೆದ ಒಂದರಲ್ಲೇ ನಾನು ಮಾಡಿದ ತಪ್ಪು ಸಿಕ್ಕಿತು. ಅವರು ನಕ್ಕಿದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು.

ಮಧ್ಯಾಹ್ನ ಹೊಸ ಪಟ್ಟಿಯನ್ನು ಮಠದಲ್ಲಿ ನಾನೇ ಗಟ್ಟಿಯಾಗಿ ಓದಿದೆ. ಅಜ್ಜಿಯ ಹಾಸಿಗೆ, ಟ್ರಂಕು ಸಂಜೆಯೊಳಗೆ ಕೆಳಗಿಳಿದವು.

ಕೆಲವು ವಾರ ಕಳೆದು ಲೈಬ್ರರಿಗೆ ಹೊಸ ಫಂಕ್ಷನ್ ಸೇರಿಸಬೇಕಾದಾಗ ಹಿರಿಯರು ತಮ್ಮ ಪಕ್ಕಕ್ಕೊಂದು ಕುರ್ಚಿ ಎಳೆದು, ಇದು ಏನನ್ನು ವಾಪಸು ಕೊಟ್ಟರೆ ಸರಿ ಎಂದು ನನ್ನನ್ನು ಕೇಳಿದರು.