ಸಾವಿ ಬೇಡವೆಂದ ಕಾಮಾಕ್ಷಿ

೧೯೬೪ರಲ್ಲಿ ನನ್ನ ಗೆಳತಿ ಕಾಮಾಕ್ಷಿಯಮ್ಮಾಳಿಗೆ ಸ್ತನದ ಕ್ಯಾನ್ಸರ್ ಮರುಕಳಿಸಿತು. ಅವಳಿಗಾಗ ನಲವತ್ತು; ಬೋಡಿನಾಯಕನೂರಿನ ಮಂಡಿಯಲ್ಲಿ ಏಲಕ್ಕಿ ಆರಿಸುತ್ತಿದ್ದಳು. ದಿಂಡಿಗಲ್ಲಿನ ಡಾಕ್ಟರಮ್ಮ ಅಂಡಾಶಯ ತೆಗೆಸಬೇಕೆಂದರು.

“ಗಂಟು ಎದೇಲಿ, ಕತ್ತಿ ಹೊಟ್ಟೆಗ್ಯಾಕೆ?” ಎಂದು ಇವಳು ಒಪ್ಪಲಿಲ್ಲ.

ಡಾಕ್ಟರಮ್ಮ ತಮಿಳಿನಲ್ಲಿ ವಿವರಿಸಿದರು. ಗಂಟಿನ ಜೀವಕೋಶಗಳಲ್ಲಿ ಬೀಗದಂಥದ್ದೊಂದು ಇರಬಹುದು. ಅಂಡಾಶಯದಿಂದ ರಕ್ತದಲ್ಲಿ ಬರುವ ರಸವೇ ಅದರ ‘ಸಾವಿ’, ಅಂದರೆ ಬೀಗದಕೈ. ಅದು ಕೂತೊಡನೆ ‘ಬೆಳೆ’ ಎಂಬ ಅಪ್ಪಣೆ ಒಳಗೆ ಹೋಗುತ್ತದೆ. ಇದು ಹೊಸ ಸಂಶೋಧನೆ, ಅಂಡಾಶಯ ತೆಗೆದರೆ ಎಲ್ಲರಿಗೂ ಫಲಿಸುತ್ತದೆಂದು ಹೇಳಲಾರೆ ಎಂದರು.

ಕಾಮಾಕ್ಷಿ ನನ್ನತ್ತ ತಿರುಗಿ ನಮ್ಮ ಮನೆಮಾತಾದ ಕನ್ನಡದಲ್ಲಿ, “ಕೇಳ್ದೆಯಾ ಅಕ್ಕಾ, ಸಾವಿ ಬಂದ್ರೆ ಸಾವು! ಆ ಸಾವೀನೇ ಬ್ಯಾಡ, ತೆಗೀಲಿ” ಎಂದು ನಕ್ಕಳು.

“ಇದ್ರಲ್ಲೂ ತಮಾಸೆಯಾ ನಿಂಗೆ?” ಎಂದು ಬೈದೆ.

ಆಪರೇಷನ್ ಆದ ಮೂರು ತಿಂಗಳಲ್ಲಿ ಗಂಟುಗಳು ಕುಗ್ಗಿದವು. ನಾಲ್ಕು ವರ್ಷ ಅವಳು ಮಂಡಿಗೆ ಹೋಗಿ ಬಂದಳು.

ಹೋದ ತಿಂಗಳು ತೀರಿಕೊಂಡಳು. ರೋಗ ಬೆಳೆಯಲು ಬೇರೆ ದಾರಿ ಹುಡುಕಿಕೊಂಡಿತು, ಆ ದಾರಿಯನ್ನೂ ಒಂದು ದಿನ ಮುಚ್ಚುತ್ತಾರೆ ಎಂದರು ಡಾಕ್ಟರಮ್ಮ. ನಾನು ನಂಬುತ್ತೇನೆ. ಆ ನಾಲ್ಕು ವರ್ಷಗಳನ್ನು ಕಣ್ಣಾರೆ ಕಂಡವಳು ನಾನು.