ಮೌಶಿಯ ತುತ್ತು, ನನ್ನ ಪಾಚಿ

ಅಂಬಾಬಾಯಿ ನನ್ನ ಮೌಶಿ, ತಾಯಿಯ ಅಕ್ಕ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು. ಮಾಳಮಡ್ಡಿಯ ಮನೆಯಲ್ಲಿ ಈಗ ನಾವಿಬ್ಬರೇ. ಆಕೆಯದು ಒಂದೇ ಹಟ: ಮೂಕ ಪ್ರಾಣಿಗೆ ಒಂದು ತುತ್ತು ಕೊಡದೆ ತಾನು ಉಣ್ಣುವುದಿಲ್ಲ. ಮೊದಲು ಗೇಟಿಗೆ ಆಕಳೊಂದು ಬರುತ್ತಿತ್ತು. ಅದು ಬರುವುದು ನಿಂತ ಮೇಲೆ ಆ ತುತ್ತು ಎಲ್ಲಿಗೆ ಹೋಗುತ್ತದೆಂದು ನಾನು ಕೇಳಲೇ ಇಲ್ಲ.

ನನಗೆ ನನ್ನ ತಲೆನೋವೇ ಸಾಕಾಗಿತ್ತು. ಪಡಸಾಲೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟಿದ್ದೆ. ಎರಡು ಕಿತ್ತಳೆ ಮೀನು, ನಾಲ್ಕು ಜೀವಂತ ಹವಳ. ಆರು ತಿಂಗಳಿಂದ ಅದರ ತುಂಬ ಪಾಚಿ. ಹಲ್ಲುಜ್ಜುವ ಬ್ರಶ್ಶಿನಿಂದ ಕಲ್ಲು ತಿಕ್ಕಿದೆ, ದೀಪ ಕಡಿಮೆ ಮಾಡಿದೆ, ನೀರು ಬದಲಿಸಿದೆ. ಮೂರು ದಿನಕ್ಕೆ ಮತ್ತೆ ಅದೇ ಹಸಿರು. ನೀರಿನ ಮೇಲೆ ಎಣ್ಣೆಯಂಥ ಪದರ ಬೇರೆ. ಮೂರು ಹವಳ ಸತ್ತವು. ಪ್ರತಿ ಭಾನುವಾರ ದುರ್ಗದಬೈಲಿನ ಹತ್ತಿರದ ಸಾಕುಮೀನಿನ ಅಂಗಡಿಗೆ ಓಡಿ, ಅಂಗಡಿಯವ ಅರಫಾತನ ಮೇಲೆ ಹರಿಹಾಯುತ್ತಿದ್ದೆ.

"ಸರ್ರ, ಪಾಚಿ ಸುಮ್ನ ಬೆಳ್ಯಂಗಿಲ್ರಿ. ಊಟ ಹೆಚ್ಚಾಗೇತಿ," ಎನ್ನುತ್ತಿದ್ದ ಅವನು.

"ಎರಡು ಚಿಟಿಕಿ ಹಾಕ್ತೀನೋ ಮಾರಾಯಾ!"

ಒಂದು ದಿನ ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ನಮ್ಮ ಕಾರ್ಖಾನೆಯಲ್ಲಿ ಕರೆಂಟು ಹೋಗಿ ಮಧ್ಯಾಹ್ನವೇ ಮನೆಗೆ ಬಂದೆ. ಮೌಶಿ ತೊಟ್ಟಿಯ ಮುಂದೆ ನಿಂತು, ಬಿಸಿ ಅನ್ನಕ್ಕೆ ತುಪ್ಪ ಕಲಸಿ ಒಳಗೆ ಬಿಡುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಮೌಶಿ! ಆರು ತಿಂಗಳ ನಾ ಸತ್ತು ಸುಣ್ಣ ಆಗೇನಿ!"

"ಹಸದಿರ್ತಾವೋ ರೋಹಿತ. ನೀ ಎರಡು ಚಿಟಿಕಿ ಹಾಕಿ ಹೋಗಿಬಿಡ್ತಿ."

ಕೂಗಾಡಿದೆ. ತೊಟ್ಟಿಗೆ ಮುಚ್ಚಳ ಹಾಕಿಸಿದೆ. ಮರುದಿನ ಸಂಜೆ ಬಂದರೆ ಆಕೆಯ ತಾಟು ಮುಚ್ಚಿದಂತೆಯೇ ಇತ್ತು.

"ಯಾರಿಗೂ ಕೊಡದ ನಾ ಹೆಂಗ ಉಣ್ಣಲಿ?"

ಸಿಟ್ಟು ಬಂತು, ಮೇಲೆ ಅಳುವೂ ಬಂತು. ಕೊನೆಗೆ ಒಪ್ಪಂದವಾಯಿತು. ನನ್ನ ಊಟದ ಜೊತೆ ಸಣ್ಣ ಡಬ್ಬಿಯಲ್ಲಿ ತುಪ್ಪದನ್ನ ಕೊಡುತ್ತಾಳೆ, ಕಾರ್ಖಾನೆಯ ಗೇಟಿನ ನಾಯಿಗೆ ನಾನು ಹಾಕಬೇಕು. ಹನ್ನೆರಡಕ್ಕೆ ಆಕೆಯ ಫೋನು: "ಕೊಟ್ಟಿ?" "ಕೊಟ್ಟೆ" ಎಂದರೆ ಆಕೆ ಊಟಕ್ಕೆ ಕೂಡುತ್ತಾಳೆ. ದಿನಾ ಇದೊಂದು ಕಾಟ ಎಂದು ಗೊಣಗುತ್ತಲೇ ಹಾಕಿ ಬರುತ್ತಿದ್ದೆ.

ತಿಂಗಳಲ್ಲಿ ಗಾಜು ತಿಳಿಯಾಯಿತು. ನಿನ್ನೆ ಸಂಜೆ ಬಂದು ನೋಡಿದರೆ, ಉಳಿದಿದ್ದ ಒಂದೇ ಹವಳ ಪೂರ್ತಿ ಅರಳಿತ್ತು. ನಾನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಖುಷಿಪಡುತ್ತಿದ್ದಾಗ, ಮೌಶಿ ತೊಳೆಯಲೆಂದು ನನ್ನ ಚೀಲದಿಂದ ಸಣ್ಣ ಡಬ್ಬಿ ತೆಗೆದಳು.

ಹನ್ನೆರಡಕ್ಕೆ ಮೀಟಿಂಗಿನಲ್ಲಿದ್ದೆ, ನಾಯಿಯ ಕಡೆ ಹೋಗಿರಲೇ ಇಲ್ಲ. ಫೋನಿನಲ್ಲಿ "ಕೊಟ್ಟೆ" ಎಂದುಬಿಟ್ಟಿದ್ದೆ.

ಮೌಶಿ ಡಬ್ಬಿಯೊಳಗಿನ ಅನ್ನವನ್ನೇ ನೋಡುತ್ತ ನಿಂತಳು. ನನ್ನ ಮಾತು ನಂಬಿ ಮಧ್ಯಾಹ್ನ ಆಕೆ ಉಂಡಿದ್ದಳು.